ಮೊದಲು ಎತ್ತಿ ನೋಡಿ, ಆಮೇಲೆ ದುಡ್ಡು ಎಣಿಸಿ

‘ಇಟ್ಟಿಗೆ ತಾತನಿಗೆ ಕೇಳಿ’ ಅಂಕಣ. ಉತ್ತರ ಕೊಡುವವರು 32 ವರ್ಷ ಪೀಣ್ಯದ ಟೂಲ್ ರೂಮುಗಳಲ್ಲಿ ಪ್ಲಾಸ್ಟಿಕ್ ಸಾಮಾನಿನ ಡೈ, ಅಂದರೆ ಅಚ್ಚು, ಮಾಡಿ ನಿವೃತ್ತರಾದವರು. ಈಗ ಮೊಮ್ಮಗಳ ಜೊತೆ ಕೂತು ಲೆಗೊ, ಅಂದರೆ ಒಂದಕ್ಕೊಂದು ಕೂರುವ ಆಟದ ಪ್ಲಾಸ್ಟಿಕ್ ಇಟ್ಟಿಗೆ, ಜೋಡಿಸುತ್ತಾರೆ.

ಪ್ರಶ್ನೆ: ನನ್ನ ಮಗ ಮೊದಲನೇ ಪಿಯುಸಿ. ಅವೆಂಜರ್ಸ್ ಸಿನಿಮಾಗಳ ಹುಚ್ಚು. ಅದರಲ್ಲಿ ಬರುವ ಬೆನಟಾರ್ ಅನ್ನೋ ಸ್ಪೇಸ್‌ಶಿಪ್ಪಿನ ಲೆಗೊ ಸೆಟ್ ಬೇಕು ಅಂತ ಎರಡು ವರ್ಷದಿಂದ ಹಬ್ಬದ ದುಡ್ಡು, ಹುಟ್ಟುಹಬ್ಬದ ದುಡ್ಡು ಸೇರಿಸಿ 9 ಸಾವಿರ ಮಾಡಿಟ್ಟಿದ್ದಾನೆ. ಬೆಂಗಳೂರಿನಲ್ಲಿ ಒಬ್ಬರು ಒಂದೇ ಸಲ ಜೋಡಿಸಿದ ಸೆಟ್ಟನ್ನು 13 ಸಾವಿರಕ್ಕೆ ಕೊಡ್ತಾರಂತೆ. ಉಳಿದ 4 ಸಾವಿರ ನಾವು ಹಾಕಬೇಕು. ನಮ್ಮ ಯಜಮಾನರು ‘ಪ್ಲಾಸ್ಟಿಕ್ ತುಂಡಿಗೆ ಇಷ್ಟಾ?’ ಅಂತಾರೆ. ಅದು ಅಷ್ಟು ಬೆಲೆ ಬಾಳುತ್ತಾ? – ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಅಮ್ಮಾ, ಆ ಸೆಟ್ಟು ನಮ್ಮ ಮನೆಯಲ್ಲೂ ಇದೆ. ಶೋಕೇಸಿನ ಮೇಲಿದೆ, ಒಳಗಲ್ಲ. ಒಳಗೆ ಹಿಡಿಸಲಿಲ್ಲ. ರೆಕ್ಕೆಯಿಂದ ರೆಕ್ಕೆಗೆ ಎರಡು ಅಡಿಗೂ ಜಾಸ್ತಿ ಇದೆ. ನಿಮ್ಮ ಮಗನಿಗೆ ಮೊದಲು ಟೇಪ್ ಕೊಟ್ಟು, ಎಲ್ಲಿ ಇಡ್ತೀಯಪ್ಪ ತೋರಿಸು ಅನ್ನಿ. ಓದುವ ಟೇಬಲ್ ಅಂದರೆ ಒಪ್ಪಬೇಡಿ. ಅದನ್ನಿಟ್ಟ ಮೇಲೆ ಪುಸ್ತಕ ಇಡಲು ಜಾಗ ಇರುವುದಿಲ್ಲ.

ಸೆಟ್ಟಿನ ಪೂರ್ತಿ ಹೆಸರು ‘ದ ಗಾರ್ಡಿಯನ್ಸ್ ಶಿಪ್’. ನಂಬರ್ 76193. 2021ರಲ್ಲಿ ಬಂದದ್ದು. 1901 ತುಂಡುಗಳು, ಆರು ಗೊಂಬೆಗಳು. ಡಬ್ಬಿಯ ಮೇಲೆ 14 ವರ್ಷ ದಾಟಿದವರಿಗೆ ಅಂತ ಬರೆದಿದೆ. ಬಿಡುಗಡೆಯಾದಾಗ ಅಮೆರಿಕದಲ್ಲಿ ಬೆಲೆ 150 ಡಾಲರ್‌ಗೆ ಒಂದು ಸೆಂಟ್ ಕಮ್ಮಿ. ಸಿನಿಮಾ ವಿಷಯ ನಿಮಗೂ ಗೊತ್ತಿರಲಿ, ಇಲ್ಲದಿದ್ದರೆ ಮಗ ಪಾಠ ಮಾಡುತ್ತಾನೆ. ಗಾರ್ಡಿಯನ್ಸ್ ಅಂದರೆ ಈ ನೌಕೆಯಲ್ಲಿ ಓಡಾಡುವ ತಂಡ. ಅದರ ನಾಯಕ ಸ್ಟಾರ್-ಲಾರ್ಡ್ ಅನ್ನೋನಿಗೆ ಹಳೇ ಕಾಲದ ಪಾಪ್ ಹಾಡುಗಳ ಹುಚ್ಚು. ಪ್ಯಾಟ್ ಬೆನಟಾರ್ ಅನ್ನೋ ಗಾಯಕಿಯ ಹೆಸರನ್ನೇ ತನ್ನ ನೌಕೆಗೆ ಇಟ್ಟಿದ್ದಾನೆ. ನಮ್ಮಲ್ಲಿ ಆಟೋ ಹಿಂದೆ ಹೆಸರು ಬರೆಸುತ್ತಾರಲ್ಲ, ಹಾಗೆ.

ಮಾರುವವರು ನಿಮಗೆ ಒಂದು ಲೆಕ್ಕ ಹೇಳುತ್ತಾರೆ. 150 ಡಾಲರಿಗೆ 1901 ತುಂಡು, ಅಂದರೆ ತುಂಡಿಗೆ 8 ಸೆಂಟು. ಇದೇ ತಂಡದ ಹಳೇ ನೌಕೆ ಮಿಲಾನೊ 2014ರಲ್ಲಿ ಬಂದಾಗ 75 ಡಾಲರಿಗೆ 665 ತುಂಡು, ತುಂಡಿಗೆ 11 ಸೆಂಟು. ಹಾಗಾಗಿ ಬೆನಟಾರ್ ಅಗ್ಗ ಅಂತ. ಈ ಲೆಕ್ಕವನ್ನು ನಾನು ನಂಬುವುದಿಲ್ಲ. ಆ 1901ರಲ್ಲಿ ಕಡಲೆಬೇಳೆಯಷ್ಟು ಚಿಕ್ಕ ತುಂಡು ಎಷ್ಟೋ ಇವೆ. ಪಟ್ಟಿಯಲ್ಲಿ ಅದೂ ಒಂದು, ಅಂಗೈಯಗಲದ ತುಂಡೂ ಒಂದು. ಬೀಡಾ ಅಂಗಡಿಯಲ್ಲಿ ಅಡಿಕೆ ಚೂರು ಎಣಿಸಿ ದುಡ್ಡು ಕೊಡ್ತೀವಾ?

ಸ್ಪೇಸ್‌ಶಿಪ್ ಸೆಟ್ಟಿಗೆ ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ. ಒಂದು ಕೈಯಲ್ಲಿ ಎತ್ತಬೇಕು. ಹಜಾರದಿಂದ ಅಡುಗೆಮನೆಗೆ ‘ಶೂಂ’ ಅಂತ ಹಾರಿಸಿಕೊಂಡು ಹೋಗಿ ವಾಪಸ್ ಬರಬೇಕು. ಬಂದ ಮೇಲೆ ನೆಲ ನೋಡಬೇಕು. ಒಂದೂ ತುಂಡು ಬಿದ್ದಿರಬಾರದು. ಮನೆ, ಕೋಟೆ, ಹೂವಿನ ಕುಂಡದ ಸೆಟ್ಟಿಗೆ ಈ ಪರೀಕ್ಷೆ ಬೇಡ, ಅವು ಕೂತಲ್ಲೇ ಕೂತಿರುತ್ತವೆ. ನೌಕೆ ಅಂದಮೇಲೆ ಹಾರಬೇಕು. ಹದಿನಾರು ವರ್ಷದ ಹುಡುಗ ಹಾಗೆಲ್ಲ ಹಾರಿಸುತ್ತಾನಾ ಅಂತ ಕೇಳಬೇಡಿ. ನನಗೆ 67. ಮನೆಯಲ್ಲಿ ಯಾರೂ ಇಲ್ಲದಾಗ ನಾನೇ ಹಾರಿಸಿದ್ದೇನೆ.

ನಮ್ಮದನ್ನು ಜೋಡಿಸಿ ಮುಗಿಸಲು ಹನ್ನೊಂದು ಸಂಜೆ ಹಿಡಿಯಿತು. ಮೊಮ್ಮಗಳು ಆಗ ಏಳನೇ ಕ್ಲಾಸು. ತುಂಡು ಬೇರೆ ಮಾಡಲು ಅವಳ ಅಜ್ಜಿಯ ಇಡ್ಲಿ ತಟ್ಟೆ ತಂದಿದ್ದಳು. ಒಂದೊಂದು ಗುಳಿಗೂ ಒಂದೊಂದು ಬಗೆಯ ತುಂಡು. ಡೈನಿಂಗ್ ಟೇಬಲ್ ಮೇಲೆ ಮೂರು ತಟ್ಟೆ, ಹನ್ನೆರಡು ಗುಳಿ. ಹನ್ನೊಂದು ದಿನ ನಮ್ಮ ಮನೆಯಲ್ಲಿ ಇಡ್ಲಿ ಆಗಲಿಲ್ಲ. ನಾಲ್ಕನೇ ದಿನಕ್ಕೆ ಅಡುಗೆಮನೆಯಿಂದ ‘ಉಪ್ಪಿಟ್ಟೇ ತಿನ್ನಿ’ ಅಂತ ದನಿ ಬಂತು.

ಅಷ್ಟು ಸಂಜೆಗಳಲ್ಲಿ ನಾನು ಕಣ್ಣಿಟ್ಟು ನೋಡಿದ್ದು ರೆಕ್ಕೆಯ ಬುಡವನ್ನು. ಬೆನಟಾರಿನ ಆಕಾರವೇ ಕಷ್ಟದ್ದು. ನಡುವೆ ದಪ್ಪ ಹೊಟ್ಟೆ, ಆಚೀಚೆ ಚಪ್ಪಟೆ ಉದ್ದ ರೆಕ್ಕೆ. ನಡುಮಧ್ಯದಿಂದ ತುದಿಗೆ ಒಂದಡಿ. ಅದರ ಭಾರವೆಲ್ಲ ಬುಡದ ಮೇಲೆ ಬೀಳುತ್ತದೆ. ಬಾಗಿಲಿನ ಹಿಡಿ ಹಿಡಿದು ಮಗು ಜೋತಾಡಿದರೆ ಪೆಟ್ಟು ಬೀಳುವುದು ಬಾಗಿಲಿಗಲ್ಲ, ಕೀಲಿಗೆ ತಾನೆ? ಇಲ್ಲೂ ಹಾಗೇ. ಲೆಗೊ ಇಟ್ಟಿಗೆಯ ಮೇಲಿನ ಗುಬುಟು ಇದೆಯಲ್ಲ, ಸ್ಟಡ್ ಅನ್ನುತ್ತಾರೆ, ಅದರ ಹಿಡಿತ ಒಂದನ್ನೇ ನಂಬಿ ಇಷ್ಟುದ್ದದ ರೆಕ್ಕೆ ನೇತುಹಾಕಿದರೆ ಎರಡನೇ ಸಲ ಎತ್ತಿದಾಗ ಬಾಯಿ ಬಿಡುತ್ತದೆ. ಅದಕ್ಕೇ ದೊಡ್ಡ ನೌಕೆಗಳ ಒಳಗೆ ತೂತು ತೂತಿನ ಉದ್ದ ತೊಲೆ ಹಾಕಿ, ಅಡ್ಡಡ್ಡ ಪಿನ್ನು ಹೊಡೆದು ಬಿಗಿ ಮಾಡುತ್ತಾರೆ. ಟೆಕ್ನಿಕ್ ಅಂತ ಅದರ ಹೆಸರು. ಸ್ಟಡ್ಡು ಮೇಲಕ್ಕೆಳೆದರೆ ಬರುತ್ತೆ. ಪಿನ್ನು ಅಡ್ಡ ಕೂತಿರುವುದರಿಂದ ಮೇಲಕ್ಕೆಷ್ಟು ಎಳೆದರೂ ಬರಲ್ಲ. ಮೊದಲ ಎರಡು ಸಂಜೆ ನೌಕೆಯ ಥರ ಏನೂ ಕಾಣದೆ ಬರೀ ತೊಲೆ, ಪಿನ್ನು ನೋಡಿ ಮೊಮ್ಮಗಳು ‘ತಾತ, ಇದು ಬೋರು’ ಅಂದಳು. ನನಗೆ ಆಗಲೇ ಸೆಟ್ಟಿನ ಮೇಲೆ ನಂಬಿಕೆ ಬಂದಿತ್ತು.

ಹನ್ನೊಂದನೇ ಸಂಜೆ ಅವಳೇ ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತಿದಳು. ನಾನು ಉಸಿರು ಬಿಗಿಹಿಡಿದಿದ್ದೆ. ಅಡುಗೆಮನೆಗೆ ಹೋದಳು, ಬಂದಳು. ನೆಲದ ಮೇಲೆ ಒಂದೇ ಒಂದು ತುಂಡು ಇತ್ತು. ಅದೂ ನೌಕೆಯದ್ದಲ್ಲ, ರಾಕೆಟ್ ಅನ್ನೋ ರಕೂನ್ ಗೊಂಬೆಯ ಕೈಲಿದ್ದ ಬಂದೂಕು. ಪಾಸು.

ಒಳಗೂ ನೋಡುವಂಥದ್ದಿದೆ. ಮೂತಿಯಲ್ಲಿ ದೊಡ್ಡ ಗಾಜು, ಮೇಲ್ಭಾಗ ತೆಗೆದರೆ ಒಳಗೆ ಸೀಟುಗಳು. ಗೊಂಬೆ ಕೂರಿಸಿ ಮುಚ್ಚಬಹುದು. ಹಾರುವ ಭಂಗಿಯಲ್ಲಿ ನಿಲ್ಲಿಸಲು ಸ್ಟ್ಯಾಂಡು ಕೊಟ್ಟಿದ್ದಾರೆ. ಬೇರೆ ಸೆಟ್ಟುಗಳಲ್ಲಿ ಸ್ಟ್ಯಾಂಡು ನೋಡಿದರೆ ‘ಇದೊಂದು ದಂಡ’ ಅನ್ನಿಸುತ್ತೆ. ಇಲ್ಲಿ ಅದು ಬೇಕು.

ನನ್ನ ತಕರಾರು ಗೊಂಬೆಗಳ ಬಗ್ಗೆ. ಸ್ಟಾರ್-ಲಾರ್ಡ್, ರಾಕೆಟ್, ಗ್ರೂಟ್, ಮ್ಯಾಂಟಿಸ್, ಥಾರ್, ಜೊತೆಗೆ ಚಿಟೌರಿ ಅನ್ನೋ ಶತ್ರು ಸೈನಿಕ ಒಬ್ಬ. ಈಗ 2019ರ ‘ಅವೆಂಜರ್ಸ್: ಎಂಡ್‌ಗೇಮ್’ ನೆನಪು ಮಾಡಿಕೊಳ್ಳಲು ಮಗನಿಗೆ ಹೇಳಿ. ಸಿನಿಮಾ ಶುರುವಾಗುವಾಗ ಈ ನೌಕೆ ಇಂಧನ ಮುಗಿದು ಬಾಹ್ಯಾಕಾಶದಲ್ಲಿ ತೇಲುತ್ತಿರುತ್ತದೆ. ಒಳಗೆ ಇಬ್ಬರೇ, ಟೋನಿ ಸ್ಟಾರ್ಕ್ ಮತ್ತು ನೆಬ್ಯುಲಾ. ಊಟ ಮುಗಿದಿದೆ, ಗಾಳಿ ಮುಗಿಯುತ್ತಾ ಬಂದಿದೆ. ಅಂಥ ಹೊತ್ತಲ್ಲೂ ಇಬ್ಬರೂ ಟೇಬಲ್ ಮೇಲೆ ಚಿಕ್ಕ ತುಂಡೊಂದನ್ನು ಬೆರಳಲ್ಲಿ ಚಿಮ್ಮಿ ಆಟ ಆಡುತ್ತಾರೆ. ಬೆನಟಾರ್ ಅಂದರೆ ನನಗೆ ಆ ದೃಶ್ಯ. ಆದರೆ ಸೆಟ್ಟಿನಲ್ಲಿ ಟೋನಿಯೂ ಇಲ್ಲ, ನೆಬ್ಯುಲಾನೂ ಇಲ್ಲ. ಸಿನಿಮಾದ ಕೊನೆಯಲ್ಲಿ ಥಾರ್ ಹತ್ತಿ ಹೊರಡುವ ದೃಶ್ಯಕ್ಕೆ ಗೊಂಬೆ ಕೊಟ್ಟಿದ್ದಾರೆ ಅನ್ನೋಣ ಅಂದರೆ, ಆಗ ಜೊತೆಗಿದ್ದ ಡ್ರ್ಯಾಕ್ಸ್ ಕೂಡ ಡಬ್ಬಿಯಲ್ಲಿಲ್ಲ. ಚಿಟೌರಿಯ ಬದಲು ನೆಬ್ಯುಲಾ ಕೊಟ್ಟಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಮದುವೆ ಮನೆಗೆ ಪಕ್ಕದ ಬೀದಿಯವರನ್ನು ಕರೆದು ಸೋದರಮಾವನನ್ನು ಬಿಟ್ಟ ಹಾಗೆ.

ಈಗ 13 ಸಾವಿರದ ಮಾತು. ಸೆಕೆಂಡ್‌ಹ್ಯಾಂಡ್ ಅಂತ ಹೆದರಬೇಡಿ, ಇದು ಬೈಕಲ್ಲ. ಆದರೆ ಕೆಲವು ನೋಡಲೇಬೇಕು. ಮೊದಲು ಗೊಂಬೆ ಆರೂ ಇವೆಯಾ ನೋಡಿ. ಮಾರುವವರು ಗೊಂಬೆ ಬೇರೆ, ನೌಕೆ ಬೇರೆ ಮಾಡಿ ಮಾರುವುದು ಉಂಟು. ಮೂತಿಯ ಗಾಜಿನ ಮೇಲೆ ಗೀರು ಇದೆಯಾ ನೋಡಿ. ಬೇರೆ ತುಂಡಿಗೆ ಬಿದ್ದ ಗೀರು ಎದ್ದು ಕಾಣಲ್ಲ, ಗಾಜಿಗೆ ಬಿದ್ದದ್ದು ದಿನಾ ಕಾಣುತ್ತೆ. ಸ್ಟಡ್ಡುಗಳ ತಲೆ ನೋಡಿ. ಅಸಲಿ ತುಂಡಾದರೆ ಪ್ರತಿ ಸ್ಟಡ್ಡಿನ ಮೇಲೂ ಕಂಪನಿಯ ಹೆಸರು ಚಿಕ್ಕದಾಗಿ ಮೂಡಿರುತ್ತದೆ. ಅಲ್ಲಲ್ಲಿ ಬೋಳು ತಲೆ ಕಂಡರೆ, ಕಳೆದದ್ದಕ್ಕೆ ನಕಲಿ ಸೇರಿಸಿದ್ದಾರೆ ಅಂತ. ಜೋಡಿಸುವ ಪುಸ್ತಕ ಇಲ್ಲ ಅಂದರೆ ಚಿಂತೆ ಬೇಡ. ಕಂಪನಿಯ ವೆಬ್‌ಸೈಟಿನಲ್ಲಿ ಸೆಟ್ ನಂಬರ್ ಹಾಕಿದರೆ ಬಿಟ್ಟಿ ಸಿಗುತ್ತೆ. ಪುಸ್ತಕ ಇಲ್ಲ ಅನ್ನೋ ನೆಪದಲ್ಲಿ ನೀವು ಐನೂರು ಇಳಿಸಿ.

ಕೊನೆಯದಾಗಿ ವಿಡಿಯೊ ಕಾಲ್ ಮಾಡಿ, ಅವರಿಗೇ ನೌಕೆಯನ್ನು ಒಂದು ಕೈಯಲ್ಲಿ ಎತ್ತಿ ತೋರಿಸಿ ಅನ್ನಿ. ಎತ್ತಲು ಹಿಂದೆ ಮುಂದೆ ನೋಡಿದರೆ ಫೋನ್ ಇಡಿ. ಎತ್ತಿದರೆ, 11 ಸಾವಿರದಿಂದ ಮಾತು ಶುರು ಮಾಡಿ 12ರೊಳಗೆ ಮುಗಿಸಿ. ಬಸ್ಸಿನಲ್ಲಿ ಹಾಗೇ ತರಬೇಡಿ. ಬಿಚ್ಚಿ ಕವರುಗಳಲ್ಲಿ ಕೊಡಲು ಹೇಳಿ. ಹೇಗೂ ಮಗನಿಗೆ ಜೋಡಿಸುವ ಸುಖ ಬೇಕಲ್ವಾ? ಅವನು ಎರಡು ವರ್ಷ ಕಾದಿದ್ದು ನೌಕೆಗಿಂತ ಆ ಹನ್ನೊಂದು ಸಂಜೆಗೆ.

ಯಜಮಾನರಿಗೆ ಒಂದು ಮಾತು ಹೇಳಿ. ಬೆಲೆ ಜಾಸ್ತಿ ಅಂತ ಅಂಗಡಿಯವರನ್ನು ಬೈದು ಉಪಯೋಗವಿಲ್ಲ. ಹೊರಗಿನಿಂದ ಬರುವ ಆಟದ ಸಾಮಾನಿನ ಕಸ್ಟಮ್ಸ್ ಸುಂಕ 2020ರ ಬಜೆಟ್ಟಿನಲ್ಲಿ ಶೇ. 20ರಿಂದ 60ಕ್ಕೆ ಹೋಯಿತು, 2023ರಲ್ಲಿ 70ಕ್ಕೆ. ಸಾಮಾನಿನ ಬೆಲೆ ಒಂದು, ಬಾಗಿಲು ದಾಟಿಸುವ ಬೆಲೆ ಇನ್ನೊಂದು.

ಪ್ರಶ್ನೆ: ತಾತ, ಮಿಲಾನೊ ದೊಡ್ಡದಾ ಬೆನಟಾರ್ ದೊಡ್ಡದಾ? ಕ್ಲಾಸಲ್ಲಿ ಜಗಳ ಆಗಿದೆ. – ಐದನೇ ತರಗತಿ ಹುಡುಗ, ಮೈಸೂರು

ಉತ್ತರ: ಪುಟ್ಟ, ಲೆಗೊದಲ್ಲಿ ಕೇಳಿದೆಯಾದರೆ ತುಂಡಿನ ಲೆಕ್ಕದಲ್ಲಿ ಮಿಲಾನೊ ಗೆದ್ದಿದೆ. 2024ರಲ್ಲಿ ಬಂದ ಹೊಸ ಮಿಲಾನೊದಲ್ಲಿ 2090 ತುಂಡು, ಬೆನಟಾರಿನಲ್ಲಿ 1901. ಆದರೆ ನಿನ್ನ ಗೆಳೆಯ 2014ರ ಮಿಲಾನೊ ಇಟ್ಟುಕೊಂಡು ಜಗಳಕ್ಕೆ ಬಂದಿದ್ದರೆ ಅವನು ಸೋತ. ಅದು ಬರೀ 665. ಅದರಲ್ಲಿ ರಾಕೆಟ್ಟೂ ಇಲ್ಲ, ಗ್ರೂಟೂ ಇಲ್ಲ. ಅವರಿಬ್ಬರನ್ನು ಬೇರೆ ಡಬ್ಬಿಯಲ್ಲಿ ಹಾಕಿ ಮಾರಿದರು. ಕಂಪನಿಯವರು ಲೆಕ್ಕದಲ್ಲಿ ನಿನಗಿಂತ ಜಾಣರು.

ಇನ್ನೊಂದು ವಿಷಯ ಹೇಳ್ತೀನಿ, ಅವನಿಗೆ ಗೊತ್ತಿರಲಿಕ್ಕಿಲ್ಲ. ಮಿಲಾನೊ ಅಂದರೆ ಇಟಲಿಯ ಊರಲ್ಲ. ಅಲಿಸಾ ಮಿಲಾನೊ ಅನ್ನೋ ನಟಿಯ ಹೆಸರು. ಗಾರ್ಡಿಯನ್ಸ್ ತಂಡದ ಮೂರನೇ ಸಿನಿಮಾದ ನೌಕೆಗೆ ಡೇವಿಡ್ ಬೋವಿ ಅನ್ನೋ ಗಾಯಕನ ಹೆಸರು. ಅದರ ಸೆಟ್ 2023ರಲ್ಲಿ ಬಂತು, 1108 ತುಂಡು. ನಾಳೆ ಜಗಳದಲ್ಲಿ ಇದನ್ನು ಕೊನೆಗೆ ಹೇಳು, ಮೊದಲೇ ಹೇಳಬೇಡ.

ಪ್ರಶ್ನೆ: ಅಸಲಿ ಸೆಟ್ಟಿನ ಬೆಲೆ ಕೇಳಿ ತಲೆ ತಿರುಗಿ, ಅದೇ ನೌಕೆಯ ನಕಲಿಯನ್ನು 3,200 ರೂಪಾಯಿಗೆ ತರಿಸಿದೆ. ಜೋಡಿಸುವುದೇನೋ ಆಯ್ತು. ಎತ್ತಿದರೆ ರೆಕ್ಕೆ ಕೈಗೆ ಬರುತ್ತೆ. ಕೆಲವು ತುಂಡು ಉಗುರು ಮುರಿದರೂ ಬಿಡಿಸಕ್ಕಾಗಲ್ಲ. ಕೆಲವು ಉಫ್ ಅಂದರೆ ಬೀಳುತ್ತವೆ. ಫೆವಿಕ್ವಿಕ್ ಹಾಕಲಾ? – ಹುಬ್ಬಳ್ಳಿಯ ಒಬ್ಬ ತಂದೆ

ಉತ್ತರ: ಬೇಡ ಸ್ವಾಮಿ. ಬಾಟಲಿ ಕೆಳಗಿಡಿ. ಒಂದು ಸಲ ಅಂಟು ಹಾಕಿದರೆ ಅದು ಇಟ್ಟಿಗೆಯಲ್ಲ, ಶೋ ಪೀಸು.

ನಿಮ್ಮ ಪ್ರಶ್ನೆ ನನ್ನ ಕಸುಬಿನದು, ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ, ಸಹಿಸಿಕೊಳ್ಳಿ. ಎರಡು ಸ್ಟಡ್ ಅಗಲ, ನಾಲ್ಕು ಸ್ಟಡ್ ಉದ್ದದ ಇಟ್ಟಿಗೆ ಒಂದನ್ನು ಕೈಗೆ ತಗೊಳ್ಳಿ. ಉದ್ದ 31.8 ಮಿಲಿಮೀಟರ್. ಎತ್ತರ, ಸ್ಟಡ್ ಬಿಟ್ಟು, 9.6. ಸ್ಟಡ್ಡಿನ ಅಡ್ಡಳತೆ 4.8. ಒಂದು ಸ್ಟಡ್ಡಿನಿಂದ ಇನ್ನೊಂದಕ್ಕೆ 8. ಈ ಇಟ್ಟಿಗೆಯ ಪೇಟೆಂಟಿಗೆ ಡೆನ್ಮಾರ್ಕಿನಲ್ಲಿ ಅರ್ಜಿ ಹಾಕಿದ್ದು 1958ರ ಜನವರಿ 28ಕ್ಕೆ. ಆಗಿನ ಇಟ್ಟಿಗೆ ಇವತ್ತಿನದಕ್ಕೂ ಕೂರುತ್ತದೆ. ಈ ಅಳತೆ ಗುಟ್ಟೇನಲ್ಲ. ನನ್ನ ವರ್ನಿಯರ್ ಅಳತೆಗೋಲು ಹಿಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ. ಹಾಗಿದ್ದರೆ ನಕಲಿಯವನಿಗೆ ಯಾಕೆ ಬರಲಿಲ್ಲ?

ಯಾಕೆಂದರೆ ಪ್ಲಾಸ್ಟಿಕ್ಕು ಕುಗ್ಗುತ್ತದೆ. ಈ ಇಟ್ಟಿಗೆ ಎಬಿಎಸ್ ಅನ್ನೋ ಮಾಲು. ಲೆಗೊ ಕಂಪನಿ 1963ರಿಂದ ಅದನ್ನೇ ಬಳಸುತ್ತಿದೆ. ಸುಮಾರು 230 ಡಿಗ್ರಿಗೆ ಕರಗಿಸಿ ಡೈಗೆ ಒತ್ತುತ್ತಾರೆ. ಆರಿದಾಗ ಹೆಚ್ಚುಕಮ್ಮಿ ಶೇ. ಅರ್ಧದಷ್ಟು ಕುಗ್ಗುತ್ತದೆ. 31.8ರಲ್ಲಿ ಅರ್ಧ ಶೇಕಡ ಅಂದರೆ 0.16 ಮಿಲಿಮೀಟರ್. ಡೈಯನ್ನು ಅಷ್ಟು ದೊಡ್ಡದು ಮಾಡಿಟ್ಟರೆ ಆಯ್ತು ಅಂತೀರಾ? ಮಾಲು ಬದಲಾದರೆ ಕುಗ್ಗುವುದೂ ಬದಲಾಗುತ್ತೆ. ಬಣ್ಣ ಬದಲಾದರೂ ಒಂಚೂರು ಬದಲಾಗುತ್ತೆ. ಡೈ ಆರಲು ಬಿಡಬೇಕಾದಷ್ಟು ಸೆಕೆಂಡು ಬಿಡದೆ ಅವಸರದಲ್ಲಿ ತುಂಡು ಹೊರಗೆ ಒದ್ದರೆ ಆಮೇಲೆ ಹೊರಗೆ ಬಂದು ತನಗೆ ಬೇಕಾದ ಹಾಗೆ ಕುಗ್ಗುತ್ತೆ. ಕೆಟ್ಟ ತುಂಡುಗಳನ್ನು ಪುಡಿ ಮಾಡಿ ಮತ್ತೆ ಹೊಸ ಮಾಲಿಗೆ ಬೆರೆಸುವುದು ನಮ್ಮ ಲೈನಿನಲ್ಲಿ ಮಾಮೂಲು. ಬಕೆಟ್ಟಿಗೆ, ಮಗ್ಗಿಗೆ ಅದು ನಡೆಯುತ್ತೆ. ಇಲ್ಲಿ ನಡೆಯಲ್ಲ. ಇಲ್ಲಿ ಹಿಡಿತ ಅನ್ನೋದು ಒಂದು ಮಿಲಿಮೀಟರಿನ ನೂರನೇ ಭಾಗದ ಆಟ. ಒಂದೆರಡು ನೂರನೇ ಭಾಗ ಜಾಸ್ತಿಯಾದರೆ ನಿಮ್ಮ ಉಗುರು ಹೋಗುತ್ತೆ, ಕಮ್ಮಿಯಾದರೆ ರೆಕ್ಕೆ ಹೋಗುತ್ತೆ. ನಿಮ್ಮ ಸೆಟ್ಟಿನಲ್ಲಿ ಎರಡೂ ಆಗಿದೆ ಅಂದರೆ, ಬೇರೆ ಬೇರೆ ಕಡೆ ಬೇರೆ ಬೇರೆ ಮಾಲಿನಲ್ಲಿ ಒತ್ತಿ ಒಂದೇ ಡಬ್ಬಿಗೆ ತುಂಬಿದ್ದಾರೆ ಅಂತ ನನ್ನ ಅನುಮಾನ.

ಭೂತಗನ್ನಡಿ ಇದ್ದರೆ ಒಂದು ತುಂಡಿನ ಪಕ್ಕ ನೋಡಿ. ಚುಕ್ಕಿಯ ಥರ ಒಂದು ಗಾಯದ ಗುರುತಿರುತ್ತೆ. ಮಾಲು ಒಳಗೆ ನುಗ್ಗಿದ ಬಾಗಿಲು ಅದು, ಗೇಟು ಅಂತೀವಿ. ಒಳ್ಳೆ ಡೈಯಲ್ಲಿ ಅದನ್ನು ಕಣ್ಣಿಗೆ ಬೀಳದ ಜಾಗಕ್ಕೆ ತಳ್ಳಿರುತ್ತಾರೆ. ಅಂಚಿನಲ್ಲಿ ಕಾಗದದಂಥ ತೆಳು ಜುಂಗು ಸಿಕ್ಕಿದರೆ ಡೈ ಸವೆದಿದೆ ಅಂತ ಅರ್ಥ. ಬೆರಳಿಗೆ ಚುಚ್ಚುತ್ತೆ ಅದು. ಮಕ್ಕಳ ಕೈಗೆ ಕೊಡುವ ಮುಂಚೆ ನೀವೇ ಸವರಿ ನೋಡಿ.

ಬರೀ ಇಟ್ಟಿಗೆ ಮಾಡುವುದು ತಪ್ಪಲ್ಲ. ಹಳೇ ಪೇಟೆಂಟಿನ ಕಾಲ ಮುಗಿದಿದೆ. ಇಟ್ಟಿಗೆಯ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಲು ಆಗಲ್ಲ ಅಂತ ಯುರೋಪಿನ ನ್ಯಾಯಾಲಯ 2010ರಲ್ಲಿ ಹೇಳಿತು. ಅದಕ್ಕೇ ಸ್ವಂತ ಹೆಸರು ಹಾಕಿ, ಸ್ವಂತ ಡಿಸೈನ್ ಮಾಡಿ ಇಟ್ಟಿಗೆ ಮಾರುವ ಕಂಪನಿಗಳು ಎಷ್ಟೋ ಇವೆ. ಕೆಲವು ಚೆನ್ನಾಗೂ ಇವೆ. ಆದರೆ ಪೂರ್ತಿ ಸೆಟ್ಟನ್ನೇ ಡಬ್ಬಿಯ ಚಿತ್ರದ ಸಮೇತ ಕದಿಯುವುದು ಬೇರೆ. ಚೀನಾದಲ್ಲಿ ಲೆಪಿನ್ ಅನ್ನೋ ಹೆಸರಲ್ಲಿ ಹಾಗೆ ಮಾಡುತ್ತಿದ್ದವರನ್ನು 2020ರಲ್ಲಿ ಶಾಂಘೈ ಕೋರ್ಟು ಜೈಲಿಗೆ ಕಳಿಸಿತು. ಮುಖ್ಯಸ್ಥನಿಗೆ ಆರು ವರ್ಷ.

ಸರಿ, ತಂದಾಯ್ತು. ರೆಕ್ಕೆ ನಿಲ್ಲಬೇಕು. ಗಾರೆಯವರು ಗೋಡೆ ಕಟ್ಟುವುದನ್ನು ನೋಡಿದ್ದೀರಲ್ಲ? ಕೆಳಗಿನ ಸಾಲಿನ ಸಂದಿಯ ಮೇಲೆ ಮೇಲಿನ ಸಾಲಿನ ಇಟ್ಟಿಗೆಯ ಹೊಟ್ಟೆ ಬರುವ ಹಾಗೆ ಕೂರಿಸುತ್ತಾರೆ. ಸಂದಿಯ ಮೇಲೆ ಸಂದಿ ಬಂದರೆ ಗೋಡೆ ಸೀಳುತ್ತೆ. ನಿಮ್ಮ ನೌಕೆ ತಿರುಗಿಸಿ, ರೆಕ್ಕೆಯೂ ಹೊಟ್ಟೆಯೂ ಸೇರುವ ಗೆರೆ ಹುಡುಕಿ. ಅಡಿಯಿಂದ ಆ ಗೆರೆಗೆ ಅಡ್ಡಲಾಗಿ ಉದ್ದದ ತೆಳು ಪಟ್ಟಿ ತುಂಡು ಎರಡು ಕೂರಿಸಿ. ಒಂದು ಪಟ್ಟಿ ಎರಡೂ ಕಡೆ ಕಮ್ಮಿಯೆಂದರೆ ನಾಲ್ಕು ನಾಲ್ಕು ಸ್ಟಡ್ ಹಿಡಿಯಬೇಕು. ನೋಟಕ್ಕೆ ಸ್ವಲ್ಪ ಕೆಡುತ್ತೆ, ಆದರೆ ಅಡಿಯಲ್ಲಿ ಯಾರು ನೋಡ್ತಾರೆ? ಉಫ್ ಅಂದರೆ ಬೀಳುವ ತುಂಡುಗಳನ್ನು ಭಾರ ಹೊರದ ಜಾಗಕ್ಕೆ, ಉಗುರು ಮುರಿಯುವ ತುಂಡುಗಳನ್ನು ಬುಡಕ್ಕೆ ಬದಲಾಯಿಸಿ. ಆ ಬಿಗಿ ನಿಮಗೆ ಅಲ್ಲಿ ವರ.

ಪ್ರಶ್ನೆ: ನಮ್ಮೂರ ಧೂಳು ನಿಮಗೆ ಗೊತ್ತು. ಮೂರು ತಿಂಗಳಿಗೆ ನೌಕೆ ಬಣ್ಣವೇ ಬದಲಾಗಿದೆ. ಬಕೆಟ್ಟಿನಲ್ಲಿ ಅದ್ದಿ ತೊಳೆಯಬಹುದಾ? – ಓದುಗರು, ಬಳ್ಳಾರಿ

ಉತ್ತರ: ಜೋಡಿಸಿದ್ದನ್ನು ಇಡಿಯಾಗಿ ಅದ್ದಬೇಡಿ. ಸಂದಿಗೆ ಹೋದ ನೀರು ಹೊರಗೆ ಬರಲ್ಲ, ಸ್ಟಿಕರ್ ಏಳುತ್ತೆ. ಅಗಲದ ಮೆತ್ತನೆ ಪೇಂಟ್ ಬ್ರಷ್ ತಗೊಂಡು, ಒಣ ಬ್ರಷ್ಷಿನಿಂದ ವಾರಕ್ಕೊಮ್ಮೆ ಗುಡಿಸಿ. ಬಿಚ್ಚಿ ತೊಳೆಯುವುದಾದರೆ ನೀರು ಉಗುರು ಬೆಚ್ಚಗಿರಲಿ, 40 ಡಿಗ್ರಿ ದಾಟಬಾರದು. ಬಟ್ಟೆ ಮೆಷಿನ್ನಿಗೆ ಹಾಕಿ ಮೊಬೈಲಿನಲ್ಲಿ ವಿಡಿಯೊ ಮಾಡುವವರ ಮಾತು ಕೇಳಬೇಡಿ. ಒಣಗಿಸುವುದು ನೆರಳಿನಲ್ಲಿ. ನಿಮ್ಮೂರ ಬಿಸಿಲಿಗೆ ಹಪ್ಪಳ ಒಣಗಿಸಿ, ಇದನ್ನಲ್ಲ. ಬಿಸಿಲು ಬಿದ್ದು ಬಿದ್ದು ಬಿಳಿ, ಬೂದಿ ಬಣ್ಣದ ತುಂಡು ಹಳದಿಯಾದರೆ ತೊಳೆದು ಹೋಗಲ್ಲ. ಕಿಟಕಿ ಎದುರಿಗಿದ್ದರೆ ಇವತ್ತೇ ಜಾಗ ಬದಲಾಯಿಸಿ.

ಪ್ರಶ್ನೆ: ಡಬ್ಬಿ ಒಡೆಯದೆ ಹತ್ತು ವರ್ಷ ಇಟ್ಟರೆ ಎಷ್ಟಕ್ಕೆ ಹೋಗಬಹುದು? – ಬೆಂಗಳೂರು

ಉತ್ತರ: ಬ್ಯಾಂಕಿನಲ್ಲಿ ಎಫ್‌ಡಿ ಮಾಡಿ. ಅದಕ್ಕೆ ಧೂಳು ಹೊಡೆಯುವ ಕೆಲಸ ಇಲ್ಲ.

ಪ್ರಶ್ನೆ: ಅಮೆರಿಕದಿಂದ ನಮ್ಮ ಅಕ್ಕ ಮಿಲಾನೊ ಸೆಟ್ ತರ್ತಾಳೆ. ಡಬ್ಬಿ ಸೂಟ್‌ಕೇಸಿಗೆ ಹಿಡಿಯಲ್ಲ ಅಂತಾಳೆ. ಇನ್ನೊಂದು, ಸ್ಟಿಕರ್ ಅಂಟಿಸಬೇಕಾ ಬಿಡಬೇಕಾ? – ಮಂಗಳೂರು

ಉತ್ತರ: ಡಬ್ಬಿಯೊಳಗೆ ಅರ್ಧ ಗಾಳಿ. ನಿಮ್ಮಕ್ಕನಿಗೆ ಡಬ್ಬಿ ಬಿಚ್ಚಿ ಕವರುಗಳನ್ನು ಮಾತ್ರ ತರಲು ಹೇಳಿ. ಬಟ್ಟೆಗಳ ನಡುವೆ ತುರುಕಿದರೂ ಏನೂ ಆಗಲ್ಲ. ಕವರು ಒಡೆಯಬಾರದು, ಅವುಗಳ ಮೇಲೆ ನಂಬರ್ ಇರುತ್ತೆ. ಅದು ಬೆರೆತರೆ ನಿಮಗೆ ಇಡ್ಲಿ ತಟ್ಟೆ ಸಾಲದು, ಮದುವೆ ಛತ್ರದ ಪಾತ್ರೆ ಬೇಕು. ಪುಸ್ತಕದ ನಡುವೆ ಸ್ಟಿಕರ್ ಹಾಳೆ ಇಟ್ಟು, ಸೂಟ್‌ಕೇಸಿನ ತಳಕ್ಕೆ ಚಪ್ಪಟೆಯಾಗಿ ಇಡಲಿ. ಸ್ಟಿಕರ್ ಹಾಳೆ ಮಡಿಚಿದರೆ ಆ ಗೆರೆ ಕೊನೆತನಕ ಉಳಿಯುತ್ತೆ.

ಅಂಟಿಸುವ ವಿಷಯ. ನಾನು ಅಂಟಿಸಿ ಅಂತೀನಿ. ಅದಿಲ್ಲದಿದ್ದರೆ ನೌಕೆ ಹೊಸದಾಗಿ ಸುಣ್ಣ ಬಳಿದ ಮನೆಯ ಥರ ಇರುತ್ತೆ, ಯಾರೂ ವಾಸ ಮಾಡಿದ ಗುರುತಿಲ್ಲ. ಬೆರಳಿನಲ್ಲಿ ಎತ್ತಬೇಡಿ. ಚೂಪು ಚಾಕುವಿನ ತುದಿಗೆ ಒಂದು ಮೂಲೆ ಮಾತ್ರ ಅಂಟಿಸಿಕೊಂಡು ಎತ್ತಿ. ತುಂಡಿನ ಮೇಲೆ ಬ್ರಷ್ಷಿನಿಂದ ಒಂದೇ ಒಂದು ಹನಿ ನೀರು ಸವರಿ. ನೀರಿದ್ದಾಗ ಸ್ಟಿಕರ್ ಜಾರುತ್ತೆ, ಎಡಕ್ಕೆ ಬಲಕ್ಕೆ ಸರಿಸಿ ಸರಿ ಮಾಡಬಹುದು. ಸರಿಯಾದ ಮೇಲೆ ಹತ್ತಿಬಟ್ಟೆಯಲ್ಲಿ ನೀರು ಒತ್ತಿ ತೆಗೆಯಿರಿ, ರಾತ್ರಿಯೆಲ್ಲ ಬಿಡಿ.

ಈ ಉಪಾಯ ನನಗೆ ಗೊತ್ತಾದದ್ದು ಬೆನಟಾರ್ ಮುಗಿಸಿದ ಮೇಲೆ. 32 ವರ್ಷ ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡಿದ ಕೈ, ಇದೇನು ಮಹಾ ಅಂತ ಕನ್ನಡಕ ಹಾಕದೆ ಒಂದೇ ಏಟಿಗೆ ಅಂಟಿಸಿದೆ. ಎಡಬದಿಯ ಒಂದು ಸ್ಟಿಕರ್ ಸೊಟ್ಟ ಹೋಯಿತು. ಶೋಕೇಸಿನ ಮೇಲೆ ಆ ಬದಿಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ. ಮೊಮ್ಮಗಳು ಮನೆಗೆ ಬಂದಾಗಲೆಲ್ಲ ಮಾತಾಡದೆ ಅದನ್ನು ಈ ಕಡೆ ತಿರುಗಿಸಿ ಹೋಗುತ್ತಾಳೆ.